ಬಲಗಿವಿಯ ಕ್ಲಾರಿನೆಟ್

“ಹಾಕೇ ಯಾವ್ದಾನ ಒಂದು. ಹಾಡಿಗೂ ಮುಹೂರ್ತ ನೋಡ್ತಾರೇನೇ?”

ಹೊನ್ನಕ್ಕ ಹೀಗೆ ಗದರಿದರೂ ರೂಪಳ ಹೆಬ್ಬೆರಳು ಫೋನಿನ ಗಾಜಿನ ಮೇಲೆ ಅಲ್ಲಾಡದೆ ನಿಂತಿತ್ತು. ಅವಳು ಕೂತಿದ್ದದ್ದು ಹೊನ್ನಕ್ಕನ ಜಾಗದಲ್ಲಿ. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು, ತುಳಿಯುವ ಹಲಗೆಯ ಮೇಲೆ ಪಾದ ಇಟ್ಟು, ಎದುರಿಗೆ ಹರಡಿದ್ದ ಮಾವಿನೆಲೆ ಬಣ್ಣದ ರೇಷ್ಮೆ ಎಳೆಗಳ ಹಾಸನ್ನು ನೋಡುತ್ತಿದ್ದಳು. ಬಲಕ್ಕೆ, ಅಂಚಿನ ಕೆಂಪು ಎಳೆಗಳ ಪಕ್ಕದ ಮಣೆಯ ಮೇಲೆ, ಇಷ್ಟು ವರ್ಷ ರೂಪ ಕೂತು ನುಣುಪು ಮಾಡಿದ್ದ ಮಣೆಯ ಮೇಲೆ, ಹೊನ್ನಕ್ಕ ಮಂಡಿ ಮಡಚಲಾರದೆ ಒದ್ದಾಡುತ್ತಿದ್ದಳು.

“ಈ ಮಣೆ ಮ್ಯಾಲೆ ಹೆಂಗೆ ಕೂತ್ಕಂತಿದ್ದೆ ತಾಯಿ ನೀನು? ನನ್ನ ಸೊಂಟ ಈಗ್ಲೇ ಹೋತು.”

ಮೊಳಕಾಲ್ಮೂರಿನ ಈ ಓಣಿಯಲ್ಲಿ ಒಂದು ಸೀರೆಗೆ ಇಬ್ಬರು ಬೇಕು. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡೂ ಬೆರೆಯದೆ, ಗೆರೆ ಕೊರೆದ ಹಾಗೆ ಸೇರಬೇಕಾದರೆ, ಕುಣಿಯಲ್ಲಿ ಕೂತವರು ಒಡಲಿನ ಲಾಳಿ ಎಸೆದಾಗ ಪಕ್ಕದವರು ಅಂಚಿನ ಲಾಳಿಯನ್ನು ಕೊಡಬೇಕು. ಕುಣಿಯಲ್ಲಿ ಕೂತವರಿಗೆ ನೇಕಾರರು ಎಂದು ಹೆಸರು. ಪಕ್ಕದವರಿಗೆ ಪಕ್ಕದವರು ಎಂದೇ ಹೆಸರು. ಹೊನ್ನಕ್ಕನ ಮಗ್ಗಕ್ಕೆ ಇದರ ಮೇಲೆ ಇನ್ನೊಂದು ಕಾನೂನಿತ್ತು. ಕುಣಿಯಲ್ಲಿ ಕೂತವರು ಹಾಡು ಆರಿಸಬೇಕು, ಪಕ್ಕದವರು ಕೇಳಬೇಕು.

ಹತ್ತನೇ ಕ್ಲಾಸಿನ ಅರ್ಧದಲ್ಲಿ ಶಾಲೆ ಬಿಟ್ಟು ಬಂದು ಆ ಮಣೆಯ ಮೇಲೆ ಕೂತ ರೂಪಳಿಗೆ ಕೇಳುವ ಕೆಲಸ ಹಿತವಾಗಿತ್ತು. ಅವಳಿಗೆ ಮಾತು ಕಡಿಮೆ. “ಪಾಲಮ್ಮನ ಮಗಳಿಗೆ ಬಾಯಿ ಐತೋ ಇಲ್ವೋ” ಎಂದು ನಲ್ಲಿಯ ಹತ್ತಿರ ಹೆಂಗಸರು ನಗುತ್ತಿದ್ದರು. ಬಾಯಿಯ ಲೆಕ್ಕವನ್ನೂ ಸೇರಿಸಿ ಅವಳ ಕಣ್ಣು ಕೆಲಸ ಮಾಡುತ್ತಿತ್ತು. ಹೊನ್ನಕ್ಕನ ಮೊಣಕೈ ಯಾವಾಗ ದಣಿಯುತ್ತದೆ, ಯಾವ ಹಾಡು ಬಂದರೆ ಎಳೆ ಬಡಿದು ಕೂರಿಸುವ ಹಲಗೆಯ ಹೊಡೆತ ಹಗುರಾಗುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. ನೋಡಿ ನೋಡಿಯೇ ನೇಯುವುದನ್ನು ಕಲಿತಿದ್ದಳು. ಕಲಿತಿದ್ದಾಳೆಂದು ಮೊದಲು ಕಂಡುಹಿಡಿದವಳು ಹೊನ್ನಕ್ಕ. ನೂಲು ಕೊಟ್ಟು ಸೀರೆ ಕೊಳ್ಳುವ ಮುರುಗೇಂದ್ರಪ್ಪನವರ ಕಿವಿಗೆ ಅದನ್ನು ಹಾಕಿದವಳೂ ಅವಳೇ.

“ಒಂದು ಸೀರೆ ಪೂರ್ತಿ ಅವಳ ಕೈಯಾಗೆ ನೇಯಿಸಿ ತೋರ್ಸು,” ಎಂದಿದ್ದರು ಮುರುಗೇಂದ್ರಪ್ಪ. “ಪಕ್ಕದಾಗೆ ನೀನೇ ಕೂತ್ಕ. ಸರಿ ಬಂದ್ರೆ ನಮ್ಮ ಶೆಡ್ಡಿನ ಮೂರ್ನೇ ಮಗ್ಗ ಅವಳಿಗೆ. ಸರಿ ಬರ್ಲಿಲ್ಲ ಅಂದ್ರೆ ಆ ಮಗ್ಗಕ್ಕೆ ಬ್ಯಾರೆ ಜನ ಕಾಯ್ತವ್ರೆ.”

ಹಾಗಾಗಿ ಇವತ್ತು ರೂಪ ಕುಣಿಯಲ್ಲಿದ್ದಳು. ಕಾನೂನಿನ ಪ್ರಕಾರ ಹಾಡು ಅವಳದು. ಲಾಳಿಗೆ ಅವಳು ಹೆದರಲಿಲ್ಲ. ಹಾಡಿಗೆ ಹೆದರಿದಳು.

ಆ ಮನೆಯಲ್ಲಿ ಹಾಡೆಂದರೆ ಆಟವಲ್ಲ. ಅವರ ಹತ್ತಿರ ಇದ್ದದ್ದು ಒಂದೇ ಇಯರ್‌ಫೋನು. ರೂಪಳ ಫೋನು ಇಬ್ಬರ ನಡುವೆ, ಕುಣಿಯ ದಂಡೆಯ ಮೇಲೆ. ಒಂದು ಗುಂಡಿ ಹೊನ್ನಕ್ಕನ ಬಲಗಿವಿಗೆ, ಇನ್ನೊಂದು ರೂಪಳ ಎಡಗಿವಿಗೆ. ವೈರು ಸಾಲದೆ ಹೋದಾಗ ಹೊನ್ನಕ್ಕ ನೂಲು ಕತ್ತರಿಸುವ ಬ್ಲೇಡಿನಿಂದ ಅದನ್ನು ನಡುವೆ ಹುಷಾರಾಗಿ ಸೀಳಿ, ಎರಡು ಎಳೆ ಮಾಡಿ ಉದ್ದಕ್ಕೆ ಬಿಟ್ಟಿದ್ದಳು. ಉಳಿದ ಒಂದೊಂದು ಕಿವಿ ಮಗ್ಗಕ್ಕೆ. ಮಗ್ಗದ ಸದ್ದು ಕೇಳದಿದ್ದರೆ ಎಳೆ ಹರಿದದ್ದು ಗೊತ್ತಾಗುವುದಿಲ್ಲ.

ಹಾಡಿನ ನಡುವೆ ಹೊನ್ನಕ್ಕನ ಪಾಠ ನಡೆಯುತ್ತಿತ್ತು. ಹಾಡುಗಳ ಹೆಸರು ಅವಳಿಗೆ ಬೇಕಿರಲಿಲ್ಲ, ತಾನೇ ಇಟ್ಟುಕೊಂಡಿದ್ದಳು. ಕೊಡದ ಹಾಡು, ಸಿಳ್ಳೆ ಹಾಡು, ಅತ್ತಿಗೆ ಅಳೋ ಹಾಡು. ಯಾವ ಸಿನಿಮಾದ್ದು ಎಂದು ಕೇಳಿದರೆ, “ಸಿನಿಮಾ ಯಾರಿಗೆ ಬೇಕೇ? ನಾನು ಇದನ್ನ ಬಸ್ಸಾಗೆ ಕೇಳಿದ್ದು,” ಎನ್ನುತ್ತಿದ್ದಳು.

ಆ ಬಸ್ಸು ಓಬಳೇಶ ಓಡಿಸುತ್ತಿದ್ದ ಬಸ್ಸು. ಮೊಳಕಾಲ್ಮೂರಿಂದ ಚಳ್ಳಕೆರೆಗೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಡ್ರೈವರ್ ಸೀಟಿನ ತಲೆಯ ಮೇಲೆ ಕ್ಯಾಸೆಟ್ಟುಗಳ ಮರದ ಪೆಟ್ಟಿಗೆ. ಕಿಟಕಿಗೊಂದು ಸ್ಪೀಕರ್.

“ನಾನು ಆಗ ಹೊಸದಾಗಿ ಮದ್ವೆ ಆಗಿ ಬಂದಿದ್ದೆ,” ಎಂದು ಹೊನ್ನಕ್ಕ ಶುರು ಮಾಡುವಳು. “ತವರುಮನೆ ನನ್ನಿವಾಳಕ್ಕೆ ಹೋಗಾಕೆ ಚಳ್ಳಕೆರೆ ಬಸ್ಸು ಹತ್ತಾದು. ಓಬಳೇಶಣ್ಣನ ಬಸ್ಸಿಗಿಂತ ಮುಂಚೆ ಇನ್ನೊಂದು ಇತ್ತು. ಅದು ಬಂದ್ರೂ ನಾನು ಹತ್ತಲ್ಲ. ನಿಮ್ಮ ಬೊಮ್ಮಣ್ಣಮಾವ, ‘ಬಸ್ ಬಂತಲ್ಲೇ, ಹತ್ತು’ ಅಂತಾರೆ. ನಾನು, ‘ಅದ್ರಾಗೆ ಸೀಟಿಲ್ಲ’ ಅಂತೀನಿ. ಬಸ್ಸು ನೋಡಿದ್ರೆ ಖಾಲಿ! ಕಂಡಕ್ಟರು ಬಾಗಿಲಾಗೆ ನಿಂತು, ‘ಬನ್ರಮ್ಮಾ, ಮಲಗ್ಕಂಡು ಹೋಗ್ಬೋದು’ ಅಂತವ್ನೆ!”

ಈ ಕಥೆಯನ್ನು ರೂಪ ಎಷ್ಟು ಸಲ ಕೇಳಿದ್ದಳೋ. ಪ್ರತಿ ಸಲವೂ ಅವಳ ಎದುರಿಗೆ ಆ ಧೂಳಿನ ಬಸ್‌ಸ್ಟಾಂಡು, ಬ್ಯಾಗು ಹಿಡಿದು ಹಟ ಮಾಡಿ ನಿಂತ ಹೊಸ ಸೊಸೆ, ಪೆಚ್ಚಾದ ಅವಳ ಗಂಡ ಬೊಮ್ಮಣ್ಣಮಾವ ಬಂದು ನಿಲ್ಲುತ್ತಿದ್ದರು. ತಾನು ಹುಟ್ಟುವ ಮೊದಲಿನ ಒಂದು ಕಾಲ ತನಗೆ ಇಷ್ಟು ನೆನಪಿರುವುದು ಹೇಗೆ ಎಂದು ಅವಳಿಗೆ ಒಮ್ಮೊಮ್ಮೆ ಸೋಜಿಗವಾಗುತ್ತಿತ್ತು.

“ತಳಕಿನಾಗೆ ಟೀ ಕುಡಿಯಾಕೆ ನಿಲ್ಸಾರು. ಅಲ್ಲಿಗೆ ಎ ಸೈಡು ಮುಗಿಯಾದು. ಓಬಳೇಶಣ್ಣ ಟೀ ಕುಡಿದು ಬಂದು ಕ್ಯಾಸೆಟ್ಟು ತಿರುವಿ ಹಾಕನು. ಎ ಸೈಡಾಗೆ ಎಲ್ರಿಗೂ ಗೊತ್ತಿರೋ ಹಾಡು. ಒಳ್ಳೇವೆಲ್ಲ ಬಿ ಸೈಡಾಗೆ ಇರ್ತಿದ್ವು ಕಣೆ. ಪಾಪ, ತಳಕಿನಾಗೆ ಇಳಿಯೋರಿಗೆ ಜೀವಮಾನದಾಗೆ ಬಿ ಸೈಡು ಅಂದ್ರೇನು ಅಂತ್ಲೇ ಗೊತ್ತಿಲ್ಲ!”

ಓಬಳೇಶ ಈಗ ಬಸ್ಸು ಓಡಿಸುತ್ತಿರಲಿಲ್ಲ. ಚಳ್ಳಕೆರೆಯ ಮನೆಯಲ್ಲಿ ಕೂತು, ಹಳೆಯ ಪ್ಯಾಸೆಂಜರುಗಳನ್ನೆಲ್ಲ ಸೇರಿಸಿ ಒಂದು ವಾಟ್ಸಾಪ್ ಗುಂಪು ಓಡಿಸುತ್ತಿದ್ದ. ಅದರ ಹೆಸರು ‘ಒಳಗ್ ನಡೀರಿ’. ಬೆಳಿಗ್ಗೆ ಬಸ್ಸು ಬಿಡುತ್ತಿದ್ದ ಹೊತ್ತಿಗೆ ಸರಿಯಾಗಿ ಒಂದು ಹಾಡು ಬಂದು ಬೀಳುತ್ತಿತ್ತು. ಅದರ ಮೇಲೆ ಎಣ್ಣೆ ಮಿಲ್ಲಿನ ಅಜ್ಜಪ್ಪ, ತಳಕಿನ ಟೈಲರ್ ತಿಪ್ಪೇರುದ್ರ, ಇನ್ನೂ ಯಾರು ಯಾರೋ ಜಗಳಕ್ಕೆ ನಿಲ್ಲುತ್ತಿದ್ದರು. ಅದು ಶಹನಾಯಿಯೋ ಕ್ಲಾರಿನೆಟ್ಟೋ, ಹಾಡಿದವಳು ಅಕ್ಕನೋ ತಂಗಿಯೋ. ಹೊನ್ನಕ್ಕನದು ಬಟನ್ ಫೋನಾದ್ದರಿಂದ ಅವಳು ಆ ಗುಂಪಿನಲ್ಲಿ ಇದ್ದದ್ದು ರೂಪಳ ಫೋನಿನಲ್ಲಿ. ಹೊನ್ನಕ್ಕ ಬೈಯುವಳು, ರೂಪ ಅದನ್ನು ಟೈಪು ಮಾಡುವಳು. ರೂಪ ಎನ್ನುವ ಒಬ್ಬಳು ಅಲ್ಲಿ ಇದ್ದಾಳೆಂದು ಗುಂಪಿಗೆ ಗೊತ್ತೇ ಇರಲಿಲ್ಲ. ಅದು ಅವಳಿಗೆ ಬೇಕಾದ ಹಾಗೇ ಇತ್ತು.

“ಹಾಕ್ತೀಯೋ ಇಲ್ವೋ?” ಹೊನ್ನಕ್ಕ ಮಣೆಯಿಂದ ಕೂಗಿದಳು.

ರೂಪ ಕಣ್ಣು ಮುಚ್ಚಿ ಕೊಡದ ಹಾಡು ಹಾಕಿದಳು. ಹೊನ್ನಕ್ಕನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಬೈಸಿಕೊಳ್ಳುವ ಭಯವಿಲ್ಲ.

ಲಾಳಿ ಎಸೆದಳು. ಹೊನ್ನಕ್ಕ ಅಂಚಿನ ಲಾಳಿ ಕೊಟ್ಟಳು. ರೂಪ ಹಲಗೆ ಬಡಿದಳು. ಮೊದಲ ಹತ್ತಿಪ್ಪತ್ತು ಎಳೆ ನಿಧಾನಕ್ಕೆ ಕೂತವು, ಆಮೇಲೆ ಕೈ ಓಡಿತು. ಹಾಡಿನ ಪಲ್ಲವಿ ಮುಗಿದು ಹುಡುಗಿ ಬಾವಿಗೆ ಹೋಗುವ ಭಾಗ ಬಂದಾಗ ರೂಪ ಥಟ್ಟನೆ ಕೈ ನಿಲ್ಲಿಸಿದಳು.

ಕಿವಿಯೊಳಗೆ ಯಾವುದೋ ವಾದ್ಯ ಬಾಗಿಲು ತೆರೆದುಕೊಂಡು ಬಂದಿತ್ತು. ಹೊಗೆ ಸುತ್ತಿ ಸುತ್ತಿ ಏಳುವ ಹಾಗೆ, ಹುಡುಗಿಯ ಹಿಂದೆಯೇ ನಡೆದು, ಅವಳು ನಿಂತಲ್ಲಿ ನಿಂತು, ಕೊಡ ತುಂಬುವ ತನಕ ಕಾದು.

“ಅಕ್ಕ, ಇದೇನಿದು?”

“ಯಾವ್ದು?”

“ಈಗ ಬಂತಲ್ಲ, ಊದಾದು.”

“ಕ್ಲಾರಿನೆಟ್ಟು ಕಣೇ! ಇಷ್ಟು ವರ್ಷದಿಂದ ಬಡ್ಕಂತಿದೀನಿ, ಆ ಕ್ಲಾರಿನೆಟ್ಟು ಕೇಳು, ಕ್ಲಾರಿನೆಟ್ಟು ಕೇಳು ಅಂತ. ಹೂಂ ಹೂಂ ಅಂತಿದ್ದೆ?”

ರೂಪ ತಲೆ ತಗ್ಗಿಸಿದಳು. ಹೌದು, ಹೂಂ ಅಂದಿದ್ದಳು. ಹೊನ್ನಕ್ಕ ಕಣ್ಣರಳಿಸಿ ಕ್ಲಾರಿನೆಟ್ಟು ಎಂದಾಗಲೆಲ್ಲ ಅವಳು ಎಡಗಿವಿ ಚೂಪು ಮಾಡಿ ಹುಡುಕುತ್ತಿದ್ದಳು. ಸಿಗುತ್ತಿರಲಿಲ್ಲ. ಶಾಲೆಯಲ್ಲಿ ಲೆಕ್ಕ ಅರ್ಥವಾಗದಿದ್ದಾಗ ತಲೆ ಆಡಿಸುತ್ತಿದ್ದ ಹಾಗೆ ಇಲ್ಲಿಯೂ ಆಡಿಸಿದ್ದಳು. ಎಲ್ಲರಿಗೂ ಕೇಳುವುದು ತನಗೆ ಕೇಳುವುದಿಲ್ಲ, ತನ್ನ ಕಿವಿ ಅಷ್ಟೇ ಎಂದುಕೊಂಡು ಸುಮ್ಮನಿದ್ದಳು. ಮನೆಯಲ್ಲಿ ದಿಂಬಿನ ಕೆಳಗಿಟ್ಟುಕೊಂಡು ಸಣ್ಣದಾಗಿ ಹಾಡು ಹಾಕಿದರೆ ಫೋನಿನ ತಗಡು ದನಿಯಲ್ಲಿ ವಾದ್ಯಗಳೆಲ್ಲ ಒಂದೇ ಗುಜುಗುಜು.

ಅಷ್ಟರಲ್ಲಿ ಮಣೆಯ ಮೇಲಿನ ಹೊನ್ನಕ್ಕನ ಮುಖ ಬದಲಾಗಿತ್ತು.

“ಏಯ್, ತಡಿ. ಇದ್ರಾಗೆ ಪಿಟೀಲು ಐತಾ?”

“ಐತಲ್ಲಕ್ಕ. ಮೊದ್ಲಿಂದ್ಲೂ ಐತೆ. ಹಾಡು ಪೂರ್ತಿ ಅದೇ ಅಲ್ವಾ?”

“ಪಿಟೀಲೂ ಇಲ್ಲ ಗಿಟೀಲೂ ಇಲ್ಲ. ಮೂವತ್ತು ವರ್ಷದಿಂದ ಕೇಳ್ತಿದೀನಿ, ನಂಗೊತ್ತಿಲ್ವಾ? ಯಾರೋ ಕಿಡಿಗೇಡಿಗಳು ಹೊಸದಾಗಿ ಸೇರ್ಸವ್ರೆ.”

“ಕ್ಲಾರಿನೆಟ್ಟು ಎಲ್ಲೋತು ಹಂಗಾರೆ ನಿಮಗೆ?”

ಹೊನ್ನಕ್ಕ ಕಿವಿಯ ಗುಂಡಿಯನ್ನು ಒತ್ತಿ ಹಿಡಿದು ಕೇಳಿದಳು. ಬಾಯಿ ತೆರೆಯಿತು. ಕ್ಲಾರಿನೆಟ್ಟು ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ರೂಪ ತನ್ನ ಕಿವಿಯ ಗುಂಡಿ ತೆಗೆದು ಕೊಟ್ಟಳು, ಹೊನ್ನಕ್ಕ ತನ್ನದನ್ನು ಕೊಟ್ಟಳು. ಕ್ಲಾರಿನೆಟ್ಟು ಆ ಕಡೆ ಹೋಯಿತು, ಪಿಟೀಲು ಈ ಕಡೆ ಬಂತು. ಮತ್ತೆ ಬದಲಾಯಿಸಿದರು. ಹಾಡನ್ನು ರೆಕಾರ್ಡು ಮಾಡಿದವರು ಕೆಲವು ವಾದ್ಯವನ್ನು ಒಂದು ಕಿವಿಗೆ, ಕೆಲವನ್ನು ಇನ್ನೊಂದು ಕಿವಿಗೆ ಹಂಚಿಬಿಟ್ಟಿದ್ದರು. ಬಸ್ಸಿನಲ್ಲಿಯೂ ಅಷ್ಟೇ, ಹೊನ್ನಕ್ಕ ಕೂರುತ್ತಿದ್ದದ್ದು ಯಾವಾಗಲೂ ಹೆಂಗಸರ ಕಡೆಯ ಕಿಟಕಿಗೆ, ತಲೆಯ ಮೇಲೆ ಅದೇ ಒಂದು ಸ್ಪೀಕರು. ಇಬ್ಬರೂ ಒಂದೊಂದು ಅರ್ಧ ಹಾಡನ್ನು ಇಟ್ಟುಕೊಂಡು, ಅದನ್ನೇ ಪೂರ್ತಿ ಎಂದು ನಂಬಿ, ಪಕ್ಕಪಕ್ಕದಲ್ಲಿ ಕೂತಿದ್ದರು.

ಹೊನ್ನಕ್ಕ ಮೊದಲು ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು.

“ಥೂ ನಿನ್ನ! ಒಂದಿನಾನಾದ್ರೂ ‘ಅಕ್ಕ, ನಂಗೆ ಕೇಳಲ್ಲ’ ಅಂತ ಬಾಯಿ ಬಿಟ್ಟಿದ್ರೆ ಗೊತ್ತಾಗ್ತಿರ್ಲಿಲ್ವೇನೇ?”

ರೂಪಳಿಗೂ ನಗು ಬಂತು. ಆದರೆ ಆ ಮಾತು ಒಳಗೆಲ್ಲೋ ತಾಗಿತು.

ಆಮೇಲಿನ ಕೆಲವು ದಿನ ಇದೇ ಆಟ. ಸೀರೆ ಒಂದೊಂದು ಗೇಣು ಬೆಳೆಯುತ್ತಿತ್ತು. ರೂಪ ಹೊನ್ನಕ್ಕನ ಹಾಡುಗಳನ್ನು ಒಂದೊಂದಾಗಿ ಹಾಕಿ ಬಲಗಿವಿಯಲ್ಲಿ ಹೊಸದಾಗಿ ಕೇಳಿದಳು. ಸಿಳ್ಳೆ ಹಾಡಿನಲ್ಲಿ ಸಿಳ್ಳೆಗೆ ಉತ್ತರ ಕೊಡುವ ಇನ್ನೊಂದು ಸಿಳ್ಳೆ ಇತ್ತು. ಅತ್ತಿಗೆ ಅಳುವಾಗ ಹಿಂದೆ ಯಾರೋ ತಬಲಾವನ್ನು ಬೆರಳ ತುದಿಯಲ್ಲಿ ಸವರುತ್ತಿದ್ದರು. ಹೊನ್ನಕ್ಕ ಎಡಗಿವಿಯಲ್ಲಿ ಸಿಕ್ಕಿದ್ದನ್ನು ಮಣೆಯ ಮೇಲಿಂದ ಕೂಗಿ ಹೇಳುವಳು. ನೇಯ್ಗೆ ಮಾತ್ರ ಕನ್ನಡಿಯಂತೆ ಬರುತ್ತಿತ್ತು. ಹೊನ್ನಕ್ಕ ಅಂಗೈಯಿಂದ ಸವರಿ ನೋಡಿ, ಹೊಗಳದೆ, “ನಡೀಲಿ” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಅಂಚಿನ ಲಾಳಿಯನ್ನು ಕೊಡದೆ ಕೈಯಲ್ಲೇ ಹಿಡಿದಳು.

“ಇವೆಲ್ಲ ನನ್ನ ಹಾಡು. ನಿನ್ನವು ಎಲ್ಲವೆ?”

“ನಂದು ಯಾವ್ದೂ ಇಲ್ಲಕ್ಕ.”

“ಸುಳ್ಳು. ಸಾಯಂಕಾಲ ನಿಮ್ಮನೆ ಹಿಂದೆ ಬಟ್ಟೆ ಒಗೆಯೋ ಕಲ್ಲಿನ ಮ್ಯಾಲೆ ಕೂತು ಕಿವಿಗೆ ಫೋನು ಹಚ್ಕಂಡಿರ್ತೀಯ. ಯಾವನೋ ಹುಡುಗ ಮಾತಾಡ್ತಾನೆ ಅಂತ ನಿಮ್ಮವ್ವಂಗೆ ಅನುಮಾನ. ನಾನು, ‘ಇವಳು ಮಾತಾಡಿದ್ರೆ ತಾನೆ ಅವ್ನು ಮಾತಾಡಾದು’ ಅಂದೆ.”

ರೂಪಳ ಮುಖ ಕೆಂಪೇರಿತು. ಹುಡುಗ ಇರಲಿಲ್ಲ. ಹುಡುಗರು ಇದ್ದರು, ನಾಲ್ವರು. ಚಳ್ಳಕೆರೆಯ ಆಚೆ ದೊಡ್ಡಉಳ್ಳಾರ್ತಿ ಕಡೆಯವರು, ಕಾವಲ್ ಎಂಬ ಹುಲ್ಲುಬಯಲಿನಲ್ಲಿ ದನ ಕುರಿ ಮೇಯಿಸುವವರ ಮಕ್ಕಳು. ‘ಕಾವಲ್ ಹುಡುಗರು’ ಎಂದು ಹೆಸರಿಟ್ಟುಕೊಂಡು ತಾವೇ ಹಾಡು ಕಟ್ಟಿ ಫೋನಿಗೆ ಬಿಡುತ್ತಿದ್ದರು. ಒಬ್ಬನ ಹತ್ತಿರ ಜಾತ್ರೆಯಲ್ಲಿ ಬಡಿಯುವ ಉರುಮೆ, ಇನ್ನೊಬ್ಬನ ಹತ್ತಿರ ಹಳೆಯ ಗಿಟಾರು. ಒಂದಷ್ಟು ಹಾಡು ಸೇರಿಸಿ ‘ಬೇಲಿ ಆಚೆ’ ಎಂದು ಒಂದು ಆಲ್ಬಮ್ಮನ್ನೂ ಮಾಡಿದ್ದರು. ಕೇಳಿದವರ ಲೆಕ್ಕ ಪಕ್ಕದಲ್ಲೇ ಕಾಣುತ್ತಿತ್ತು. ಓಣಿಯ ಒಂದು ಮದುವೆಗೆ ಬರುವ ಜನಕ್ಕಿಂತ ಕಡಿಮೆ. ಅದರಲ್ಲಿ ಬಹುಪಾಲು ರೂಪ ಒಬ್ಬಳೇ ಇರಬಹುದು. ಅವರನ್ನು ಯಾರೂ ಅವಳಿಗೆ ತೋರಿಸಿರಲಿಲ್ಲ. ಓಬಳೇಶ ಕಳಿಸಿದ್ದಲ್ಲ, ಹೊನ್ನಕ್ಕ ಹೇಳಿದ್ದಲ್ಲ. ತಾನೇ ಹುಡುಕಿಕೊಂಡದ್ದು. ಬದುಕಿನಲ್ಲಿ ತಾನೇ ಹುಡುಕಿಕೊಂಡದ್ದು ಇನ್ನೇನಿದೆ ಎಂದು ಯೋಚಿಸಿದರೆ ಅವಳಿಗೆ ಬೇರೆ ನೆನಪಾಗುತ್ತಿರಲಿಲ್ಲ. ಅದನ್ನು ಹೊನ್ನಕ್ಕ ಒಂದು ಮಾತಿನಲ್ಲಿ ಕೊಡವಿ ಹಾಕಿದರೆ? ಈಗಿನ ಹಾಡೆಂದರೆ ಅವಳ ಮಾತು ಒಂದೇ: ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂಗೆ.

“ಲಾಳಿ ಕೊಡಕ್ಕ.”

“ಹಾಡು ಹಾಕು, ಕೊಡ್ತೀನಿ.”

“ನಿಮಗೆ ಹಿಡಿಸಲ್ಲ.”

“ಹಿಡಿಸ್ಲಿಲ್ಲ ಅಂದ್ರೆ ಬೈತೀನಿ. ಬೈದ್ರೆ ಮೈಮ್ಯಾಲೆ ಬೊಬ್ಬೆ ಏಳ್ತಾವಾ?”

ರೂಪ ಹಾಕಿದಳು. ಮೊದಲು ದನಗಳ ಕೊರಳಗಂಟೆ, ದೂರದಿಂದ. ಆಮೇಲೆ ಮುದುಕಿಯೊಬ್ಬಳು ದನ ಕರೆಯುವ ಹಾಗೆ ಹುಡುಗನೊಬ್ಬ ಹಾಡಲು ತೊಡಗಿದ. ಹೆಸರು ಹಿಡಿದು ಒಂದೊಂದೇ ದನವನ್ನು ಕರೆಯುತ್ತಾನೆ, ಒಂದೊಂದೇ ಬರುತ್ತದೆ. ಕೊನೆಯದೊಂದು ಬರುವುದಿಲ್ಲ. ಅಲ್ಲಿ ಉರುಮೆ ಏಳುತ್ತದೆ, ದನ ಹುಡುಕಿಕೊಂಡು ಓಡುವವರ ಕಾಲಿನ ಹಾಗೆ.

ಅವಳು ಹೊನ್ನಕ್ಕನ ಕಡೆ ನೋಡಲಿಲ್ಲ. ನೋಡದೆ ಲಾಳಿ ಎಸೆದಳು. ಅಂಚಿನ ಲಾಳಿ ತಾನಾಗಿ ಬಂತು. ಹಾಡು ಮುಗಿಯಿತು.

“ಇನ್ನೊಂದ್ಸಲ ಹಾಕು,” ಎಂದಳು ಹೊನ್ನಕ್ಕ.

ಎರಡನೇ ಸಲ ಕೇಳುವಾಗ ಹೊನ್ನಕ್ಕನೇ ಹೇಳಿದಳು: “ಇದ್ರಾಗೆ ಹಂಚಿಲ್ಲ ನೋಡೇ. ಗುಂಡಿ ಬದಲಾಯ್ಸು, ಎರಡು ಕಡೀಗೂ ಒಂದೇ ಬರ್ತೈತೆ.” ಬಡ ಹುಡುಗರು, ಒಂದೇ ಫೋನು ನಡುವೆ ಇಟ್ಟುಕೊಂಡು ಹಾಡು ರೆಕಾರ್ಡು ಮಾಡಿದ್ದರೋ ಏನೋ. ಪಕ್ಕಪಕ್ಕ ಕೂತ ಇಬ್ಬರಿಗೂ ಆ ಗಂಟೆ ಒಂದೇ ಹಾಗೆ ಕೇಳಿತು, ಆ ಉರುಮೆ ಒಂದೇ ಸಲ ಎದ್ದಿತು. ಅಷ್ಟು ವರ್ಷದಲ್ಲಿ ಅದೇ ಮೊದಲು. ಆ ಮಧ್ಯಾಹ್ನ ಅವರು ಬೇರೆ ಹಾಡು ಹಾಕಲಿಲ್ಲ. ಬೊಮ್ಮಣ್ಣಮಾವ ಊಟಕ್ಕೆ ಬಂದು, ತಾನೇ ಬಡಿಸಿಕೊಂಡು ಉಂಡು, “ಇವಕ್ಕೇನು ದೆವ್ವ ಹಿಡಿದೈತಾ?” ಎಂದು ಗೊಣಗುತ್ತ ಹೋದರು.

ಸಂಜೆ ಹೊನ್ನಕ್ಕ ಹಟ ಹಿಡಿದು ಆ ಹಾಡನ್ನು ‘ಒಳಗ್ ನಡೀರಿ’ಗೆ ಕಳಿಸಿದಳು. “ಇದು ನಂದಲ್ಲ, ಪಾಲಮ್ಮನ ಮಗಳು ರೂಪ ಹುಡುಕಿದ್ದು ಅಂತ ಬರಿ. ನಾನು ಹೇಳಿದಂಗೆ ಬರಿ.” ರೂಪ ತನ್ನ ಹೆಸರನ್ನು ತಾನೇ ಟೈಪು ಮಾಡಿ, ಒತ್ತಿ, ಫೋನನ್ನು ಬೋರಲು ಹಾಕಿಟ್ಟಳು. ಅದು ಗುಂಯ್ ಗುಂಯ್ ಎಂದಾಗಲೆಲ್ಲ ಎತ್ತಿ ನೋಡಲು ಕೈ ಚಾಚಿ ಹಿಂದೆಗೆದಳು.

ತಿಪ್ಪೇರುದ್ರ ಬರೆದಿದ್ದ: ಇದೇನ್ರಿ, ದನದ ಸಂತೆಯಾಗೆ ನಿಂತಂಗೈತೆ. ಅಜ್ಜಪ್ಪ ಬರೆದಿದ್ದ: ಸಂತೆ ಅಲ್ಲಯ್ಯ, ಇದು ಕಾವಲ್ಲು, ನಮ್ಮಪ್ಪ ದನ ಕರೀತಿದ್ದದ್ದು ಇಂಗೇ. ಕೊನೆಗೆ ಓಬಳೇಶನ ಧ್ವನಿ ಬಂತು. ಟೀ ಹೀರಿದ ಸದ್ದು, ಆಮೇಲೆ ಮಾತು. “ರೂಪಮ್ಮ ಯಾರು ಅಂತ ನಂಗೊತ್ತಿಲ್ಲ. ಈ ಹಾಡು ಬಿ ಸೈಡಿನದು ಕಣಮ್ಮ. ಕೇಳ್ದಾ ತಿಪ್ಪೇರುದ್ರ? ನೀನು ತಳಕಿನಾಗೆ ಇಳಿಯೋನು, ನಿಂಗಾಗಲ್ಲ ಬಿಡು.”

ಹೊನ್ನಕ್ಕ ಅದನ್ನು ಮೂರು ಸಲ ಹಾಕಿಸಿ ಕೇಳಿದಳು. ಆ ರಾತ್ರಿ ರೂಪ ಊಟದ ತಟ್ಟೆಯ ಮುಂದೆ ಕಾರಣವಿಲ್ಲದೆ ನಕ್ಕಾಗ ಪಾಲಮ್ಮ ಮಗಳ ಹಣೆ ಮುಟ್ಟಿ ನೋಡಿದಳು.

ಸೀರೆ ಮುಗಿಯಿತು. ಮಗ್ಗದಿಂದ ಕೊಯ್ದು ಮಡಚಿಟ್ಟರು. ಮಾರನೆಯ ದಿನ ಮುರುಗೇಂದ್ರಪ್ಪ ಬಂದು, ಚಪ್ಪಲಿ ಬಿಟ್ಟು, ಬಾಗಿಲ ಬೆಳಕಿಗೆ ಸೀರೆಯನ್ನು ಹಿಡಿದು ಮೊಳ ಮೊಳವಾಗಿ ಸರಿಸುತ್ತ ನಿಂತರು. ರೂಪ ಒಳಬಾಗಿಲ ಚೌಕಟ್ಟಿಗೆ ಒರಗಿ ಅವರ ಕೈಯನ್ನೇ ನೋಡುತ್ತಿದ್ದಳು. ಆ ಕೈ ಸರಾಗವಾಗಿ ಸರಿಯುತ್ತ ಬಂದು ಅರ್ಧದಲ್ಲಿ ನಿಂತಿತು. ಒಂದಿಷ್ಟು ಹಿಂದೆ ಹೋಗಿ ಮತ್ತೆ ನಿಂತಿತು.

ಬೆಳಕಿಗೆ ಹಿಡಿದಾಗ ಅವಳಿಗೂ ಕಂಡಿತು. ಮಾವಿನೆಲೆ ಹಸಿರಿನ ನಡುವೆ ಗೇಣುದ್ದದ ಒಂದು ಪಟ್ಟೆ, ಒಂದು ಛಾಯೆ ಕಪ್ಪಾಗಿ, ಈ ಅಂಚಿನಿಂದ ಆ ಅಂಚಿಗೆ. ಹೊಡೆತ ಬಿಗಿಯಾಗಿ ಎಳೆಗಳು ಒತ್ತೊತ್ತಾಗಿ ಕೂತಿದ್ದವು. ಅದು ಯಾವ ಮಧ್ಯಾಹ್ನ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮಗ್ಗದ ಮೇಲೆ ಕೂತವರ ಕಣ್ಣಿಗೆ ಕಾಣದೆ ಉರುಮೆ ಅಲ್ಲಿ ನೇಯ್ದುಕೊಂಡಿತ್ತು.

“ಏನಿದು ಹೊನ್ನಕ್ಕ?”

“ಬೆಕ್ಕು ಬಂದಿತ್ತು ಸಾವ್ಕಾರ್ರೆ,” ಎಂದಳು ಹೊನ್ನಕ್ಕ ತಡವರಿಸದೆ. “ಮಗ್ಗದ ಮ್ಯಾಲೆ ಹಾರ್ತು. ಹುಡುಗಿ ಬೆದರಿಬಿಟ್ಳು.”

“ಬೆಕ್ಕು ಹಾರಿದ್ರೆ ಎಳೆ ಹರೀತೈತೆ. ಇದು ಗೇಣುದ್ದ ಐತೆ. ಬೆಕ್ಕು ಕೂತು ನೇಯ್ತಾ?”

ಹೊನ್ನಕ್ಕ ರೂಪಳ ಕಡೆ ನೋಡಿದಳು. ಮೂರನೇ ಮಗ್ಗ ಶೆಡ್ಡಿನಿಂದ ಎದ್ದು ಯಾರದೋ ಮನೆಗೆ ನಡೆದುಹೋಗುತ್ತಿರುವುದು ರೂಪಳಿಗೆ ಕಂಡಂತಾಯಿತು. ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

“ಹಾಡು ಕೇಳ್ತಿದ್ದೆ,” ಎಂದಳು.

ಮುರುಗೇಂದ್ರಪ್ಪ ಯಾರು ಮಾತಾಡಿದ್ದು ಎಂಬಂತೆ ತಿರುಗಿದರು. ಇಷ್ಟು ವರ್ಷ ಈ ಮನೆಗೆ ಬಂದು ಹೋದರೂ ಆ ಧ್ವನಿ ಅವರು ಕೇಳಿದ್ದಿಲ್ಲ.

“ಯಾವ ಹಾಡು?”

“ಕಾವಲ್ ಹುಡುಗರದ್ದು. ಗಂಟೆ ಹಾಡು. ಅವತ್ತು ಮಧ್ಯಾಹ್ನ ಪೂರ್ತಿ ಅದೇ ಹಾಕಿದ್ದೆ. ಹೊಡೆತ ಬಿಗಿ ಆಗಿದ್ದು ಗೊತ್ತಾಗ್ಲಿಲ್ಲ. ಅಕ್ಕಂದು ಏನೂ ತಪ್ಪಿಲ್ಲ ಸಾವ್ಕಾರ್ರೆ.”

“ಕೇಳಿಲ್ಲ ನಾನು,” ಎಂದರು ಮುರುಗೇಂದ್ರಪ್ಪ, ಹಾಡಿನ ಬಗ್ಗೆ. ಮತ್ತೆ ಸೀರೆಯ ಕಡೆ ಬಾಗಿದರು. ಕನ್ನಡಕ ಹಣೆಗೇರಿಸಿ, ಒಡಲೂ ಅಂಚೂ ಕೂಡುವ ಗೆರೆಯ ಮೇಲೆ ಉಗುರು ಇಟ್ಟು, ಪಟ್ಟೆಯ ಈ ತುದಿಯಿಂದ ಆ ತುದಿಯ ತನಕ ನಿಧಾನವಾಗಿ ಎಳೆದರು. ಎರಡು ಸಲ ಎಳೆದರು.

“ಈ ಸೀರೆ ದೊಡ್ಡ ಅಂಗಡಿಗೆ ಹೋಗಲ್ಲ. ಇಲ್ಲೇ ಯಾರಿಗಾನ ಕೊಡ್ಬೇಕು,” ಎಂದರು ಕೊನೆಗೆ. “ಆದ್ರೆ ಪಟ್ಟೆ ಬಿದ್ದ ಕಡೆ ಅಂಚು ಒಡಲಿಂದ ಬಿಟ್ಕಂಬೇಕಿತ್ತು, ಬಿಟ್ಕಂಡಿಲ್ಲ. ಒಬ್ರ ಕೈ ಬಿಗಿ ಆಗಿ ಇನ್ನೊಬ್ರ ಕೈ ಹಂಗೇ ಇದ್ರೆ ಗೆರೆ ಸೊಟ್ಟ ಆಗ್ತೈತೆ. ಇಲ್ಲಿ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಇಬ್ರೂ ಒಟ್ಟಿಗೆ ಬಿಗಿ ಆಗವ್ರೆ, ಒಟ್ಟಿಗೆ ಸಡ್ಲ ಆಗವ್ರೆ.” ಸೀರೆ ಮಡಚಿ ಕಂಕುಳಿಗೆ ಸೇರಿಸಿದರು. “ಸೋಮವಾರ ಬಾರಮ್ಮ. ಮೂರ್ನೇ ಮಗ್ಗ. ಆದ್ರೆ ನಮ್ಮ ಶೆಡ್ಡಾಗೆ ಹಾಡಿಲ್ಲ. ಹೋದ ವರ್ಷ ಇಬ್ರು ಹಾಡಿಗೋಸ್ಕರ ಲಾಳಿ ತಗಂಡು ತಲೆ ಒಡ್ಕಂಡವ್ರೆ. ಫೋನು ನನ್ನ ಮೇಜಿನ ಮ್ಯಾಲೆ ಇಟ್ಟು ಒಳಗೆ ಹೋಗಾದು.”

ಅವರು ಹೋದ ಮೇಲೆ ಹೊನ್ನಕ್ಕ ರೂಪಳ ಕೆನ್ನೆ ಹಿಂಡಿ, ಒಳಗೆ ಹೋಗಿ ಬೆಲ್ಲ ತಂದು ಬಾಯಿಗೆ ತುರುಕಿದಳು. ಬೆಲ್ಲ ಕರಗಿದ ಮೇಲೆ ರೂಪ ಕೇಳಿದಳು:

“ನಿಮ್ಮ ಪಕ್ಕ ಯಾರು ಕೂತ್ಕಂತಾರೆ ಅಕ್ಕ?”

“ನಿಮ್ಮ ಮಾವನ್ನೇ ಕೂರಿಸ್ಕಂತೀನಿ. ಫೋನೂ ಬ್ಯಾಡ. ಅವರ ಗೊರಕೆ ಸಾಕು.”

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

ಶನಿವಾರ ರೂಪ ಹಳೆಯ ಮಣೆಗೆ ಬಂದು ಕೂತಳು. ಹೊನ್ನಕ್ಕ ಕುಣಿಗೆ ಇಳಿದು, “ಅಬ್ಬಾ, ನನ್ನ ಸಿಂಹಾಸನ!” ಎಂದು ಕಾಲು ಚಾಚಿದಳು. ಹೊಸ ಹಾಸು, ಬದನೆಕಾಯಿ ಬಣ್ಣ, ಹಳದಿ ಅಂಚು. ಬಲಗಿವಿಗೊಂದು, ಎಡಗಿವಿಗೊಂದು. ಹೊನ್ನಕ್ಕ ಕೊಡದ ಹಾಡು ಹಾಕಿಸಿದಳು. ಲಾಳಿ ಹೋಯಿತು, ಬಂತು. ರೂಪಳ ಎಡಗಿವಿಯಲ್ಲಿ ಪಿಟೀಲು ಎಂದಿನಂತೆ ಶುರುವಾಯಿತು. ಈಗ ಅದು ಅರ್ಧವೆಂದು ಗೊತ್ತಿದ್ದರಿಂದ, ಅದರ ಇನ್ನೊಂದು ಮಗ್ಗುಲಿನಲ್ಲಿ ಒಂದು ಖಾಲಿ ಜಾಗವೂ ಕೇಳುತ್ತಿತ್ತು.

ಹುಡುಗಿ ಬಾವಿಗೆ ಹೋಗುವ ಭಾಗ ಬರುವ ಹೊತ್ತಿಗೆ ಹೊನ್ನಕ್ಕ ಲಾಳಿಯನ್ನು ಬಟ್ಟೆಯ ಮೇಲೆ ಇಟ್ಟಳು. ತನ್ನ ಕಿವಿಯ ಗುಂಡಿ ತೆಗೆದು, ಸೆರಗಿನಿಂದ ಒರೆಸಿ, ಮಗ್ಗದ ಮೇಲಿಂದ ಬಾಗಿ ರೂಪಳ ಬಲಗಿವಿಗೆ ಸಿಕ್ಕಿಸಿದಳು.

“ಬ್ಯಾಡಕ್ಕ, ನೀವು—”

“ಸುಮ್ನೆ ಕೇಳೇ.”

ಹಾಗೆ ಅಂದದ್ದು ರೂಪಳಿಗೆ ಕೇಳಿಸಲಿಲ್ಲ, ತುಟಿಯಲ್ಲಿ ಕಂಡಿತು. ಎರಡೂ ಕಿವಿ ತುಂಬಿಹೋಗಿತ್ತು. ಪಿಟೀಲು ಒಂದು ಕಡೆಯಿಂದ, ಕ್ಲಾರಿನೆಟ್ಟು ಇನ್ನೊಂದು ಕಡೆಯಿಂದ ಬಂದು, ಹಣೆಯ ನಡುವೆ ಎಲ್ಲೋ ಒಂದಾಗಿ, ಹುಡುಗಿಯನ್ನು ನಡುವೆ ಇಟ್ಟುಕೊಂಡು ನಡೆದವು. ಓಣಿಯ ಮಗ್ಗಗಳ ಸದ್ದಿಲ್ಲ, ಹೊರಗೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಸದ್ದಿಲ್ಲ. ಆ ಮನೆಯಲ್ಲಿ ಕೂತು ಅವಳು ಹಾಡಿನೊಳಗೆ ಅಷ್ಟು ದೂರ ಎಂದೂ ಹೋಗಿರಲಿಲ್ಲ.

ಹೊನ್ನಕ್ಕನ ಕಾಲು ತುಳಿಯುವ ಹಲಗೆಯನ್ನು ಒತ್ತಿ ಹಾಗೇ ಹಿಡಿದಿತ್ತು. ಹಾಸಿನ ಅರ್ಧ ಎಳೆಗಳು ಮೇಲಕ್ಕೆ, ಅರ್ಧ ಕೆಳಕ್ಕೆ, ಲಾಳಿಗಾಗಿ ತೆರೆದ ದಾರಿ ತೆರೆದೇ ಇತ್ತು. ಕಿಟಕಿಯ ಬಿಸಿಲು ಅದರೊಳಗೆ ಹಾಯ್ದು ನೆಲದ ಮೇಲೆ ಬಿದ್ದಿತ್ತು. ಹೊನ್ನಕ್ಕನ ಎರಡು ಕಿವಿಯಲ್ಲೂ ಏನೂ ಇರಲಿಲ್ಲ. ಆದರೆ ನೇಯ್ದ ಬಟ್ಟೆಯ ಮೇಲೆ ಅವಳ ತೋರುಬೆರಳು ಏಳುತ್ತಿತ್ತು, ಬೀಳುತ್ತಿತ್ತು. ಕೊಡ ತುಂಬುವ ಹೊತ್ತಿಗೆ ಕ್ಲಾರಿನೆಟ್ಟು ನಿಂತಿತು, ಬೆರಳೂ ನಿಂತಿತು. ಮತ್ತೆ ಎರಡೂ ಒಟ್ಟಿಗೆ ಎದ್ದವು.